ಸೆಟ್ಟಿಂಗ್ ಫೈಲಿನ ಜಾಗ

ರಕ್ತಪರೀಕ್ಷೆಯ ಲ್ಯಾಬಿನ ಕಂಪ್ಯೂಟರ್ ವಿಭಾಗದಲ್ಲಿ ಅವಳಿಗೆ ಮೌನಿ ಎಂದೇ ಹೆಸರು. ಮಂಗಳವಾರ ಅವಳ ಕಣ್ಣಿಗೆ ಬಿದ್ದದ್ದು ಸಣ್ಣ ಸಂಗತಿ: ಡೇಟಾಬೇಸ್ ಸರ್ವರ್ ಶುರುವಾಗುವಾಗ ಓದಿಕೊಳ್ಳುವ ಸೆಟ್ಟಿಂಗ್ ಫೈಲು ದೊಡ್ಡಪ್ಪನ ಸ್ವಂತ ಫೋಲ್ಡರಿನಲ್ಲಿತ್ತು.

ದೊಡ್ಡಪ್ಪ ಅಲ್ಲಿ ಯಾರಿಗೂ ದೊಡ್ಡಪ್ಪನಲ್ಲ, ಎಲ್ಲರೂ ಹಾಗೆ ಕರೆಯುತ್ತಿದ್ದರಷ್ಟೆ. ಹತ್ತೊಂಬತ್ತು ವರ್ಷ ಆ ಸರ್ವರನ್ನು ಸಾಕಿದವರು. ಶುಕ್ರವಾರ ನಿವೃತ್ತಿ. ನಿವೃತ್ತರಾದವರ ಫೋಲ್ಡರನ್ನು ಅದೇ ಸಂಜೆ ಅಳಿಸುವುದು ಕಚೇರಿಯ ನಿಯಮ. ಸೋಮವಾರ ಸರ್ವರನ್ನು ಒಮ್ಮೆ ನಿಲ್ಲಿಸಿ ಶುರುಮಾಡಬೇಕಿತ್ತು. ಫೈಲಿಲ್ಲದೆ ಅದು ಏಳುವುದಿಲ್ಲ. ಒಬ್ಬ ರೋಗಿಯ ವರದಿಯೂ ಹೊರಬರುವುದಿಲ್ಲ. ಹೇಳಿದರೆ ದೊಡ್ಡಪ್ಪನ ಮುಖ ಸಣ್ಣದಾಗುತ್ತದೆ. ಎರಡು ದಿನ ಅವಳು ಯಾರಿಗೂ ಹೇಳದೆ ಓಡಾಡಿದಳು.

ಗುರುವಾರದ ಸಭೆಯಲ್ಲಿ ಹೊಸ ಮ್ಯಾನೇಜರಮ್ಮ ತಾವಾಗಿಯೇ ವಿಷಯ ತೆಗೆದರು. "ಸೆಟ್ಟಿಂಗ್ ಫೈಲನ್ನ ಡೇಟಾ ಫೋಲ್ಡರಿಗೇ ಹಾಕಿಬಿಡೋಣ. ಎಲ್ಲಾ ಒಂದೇ ಕಡೆ ಇರುತ್ತೆ, ಹುಡುಕೋ ತಾಪತ್ರಯ ಇಲ್ಲ."

"ಬೇಡ," ಎಂದಳು ಮೌನಿ. ದನಿ ಮೇಜು ದಾಟಲಿಲ್ಲ.

"ಅಯ್ಯೋ, ಗೋಡೆ ಮಾತಾಡ್ತು!" ದೊಡ್ಡಪ್ಪ ನಕ್ಕರು. "ಜೋರಾಗಿ ಹೇಳಮ್ಮ."

"ತಿಂಗಳಿಗೊಮ್ಮೆ ಡೇಟಾನ ಹೊಸದನ್ನ ಪರೀಕ್ಷಿಸೋ ಸಣ್ಣ ಅಭ್ಯಾಸದ ಸರ್ವರಿಗೆ ನಕಲು ಮಾಡ್ತೀವಲ್ಲ. ಫೈಲೂ ಜೊತೆಗೆ ಹೋದ್ರೆ, ಆ ಬಡಪಾಯಿ ಮಷೀನು ದೊಡ್ಡದರಷ್ಟೇ ಮೆಮೊರಿ ಕೇಳಿ ಮಲಗಿಬಿಡುತ್ತೆ. ಬೇರೆ ಸೆಟ್ಟಿಂಗ್‌ಗಳೆಲ್ಲ ಇರೋ ಸಿಸ್ಟಂ ಫೋಲ್ಡರಲ್ಲೇ ಇದೂ ಇರಲಿ."

"ಸರಿ, ಒಪ್ಪಿದೆ. ಈಗ ಎಲ್ಲಿದೆ?" ಎಂದರು ಮ್ಯಾನೇಜರಮ್ಮ.

ಮೌನಿ ಪೆನ್ನಿನ ಮುಚ್ಚಳ ನೋಡುತ್ತ ಕೂತಳು. ದೊಡ್ಡಪ್ಪ ಅವಳನ್ನೇ ನೋಡಿದರು. ಅವಳಿಗೆ ಗೊತ್ತಿದೆ ಎಂಬುದು ಅವರಿಗೂ ಗೊತ್ತಾಯಿತು.

"ನನ್ನ ಫೋಲ್ಡರಲ್ಲಿ," ಎಂದರು. "ಕೈಗೆ ಸಿಗಲಿ ಅಂತ ಒಂದಿನ ಇಟ್ಟೆ. ಹಾಗೇ ಉಳಿದುಹೋಯ್ತು."

ಊಟದ ಹೊತ್ತಿಗೆ ಎಲ್ಲರೂ ಎದ್ದುಹೋದ ಮೇಲೆ ಇಬ್ಬರೂ ಒಂದೇ ಪರದೆಯ ಮುಂದೆ ಕೂತರು. ದೊಡ್ಡಪ್ಪ ಫೈಲನ್ನು ಹೊಸ ಜಾಗಕ್ಕೆ ನಕಲು ಮಾಡಿ, ಪರೀಕ್ಷಿಸಲೆಂದು ಸರ್ವರನ್ನು ಒಮ್ಮೆ ನಿಲ್ಲಿಸಿ ಶುರುಮಾಡಿದರು. ಏಳಲಿಲ್ಲ.

"ಯಾವತ್ತು ಗೊತ್ತಾಯ್ತು ನಿಂಗೆ?"

"ಮಂಗಳವಾರ."

"ಯಾವತ್ತು ಹೇಳ್ತಿದ್ದೆ?"

"ನಾಳೆ."

"ಎಷ್ಟು ಗಂಟೆಗೆ?"

ಅವಳು ಪರದೆ ಓದಿದಳು. "ಜಾಗ ಸರಿಯಾಗಿದೆ ದೊಡ್ಡಪ್ಪ. ಆದ್ರೆ ಫೈಲು ಇನ್ನೂ ನಿಮ್ಮ ಹೆಸರಲ್ಲೇ ಇದೆ. ಹಳೇದನ್ನ ಓದೋಕೆ ಸರ್ವರಿಗೆ ಅನುಮತಿ ಇತ್ತು; ಈ ನಕಲನ್ನ ನಿಮ್ಮನ್ನ ಬಿಟ್ಟು ಯಾರೂ ಓದೋ ಹಾಗಿಲ್ಲ, ಸರ್ವರ್ ಕೂಡ."

ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಕೀಬೋರ್ಡನ್ನು ಅವಳತ್ತ ಸರಿಸಿದರು.

"ಅದನ್ನ ನೀನೇ ಬದಲಾಯಿಸು."

ಅವಳು ಒಂದು ಸಾಲು ಟೈಪ್ ಮಾಡಿದಳು. ಸರ್ವರ್ ಎದ್ದಿತು. ದೊಡ್ಡಪ್ಪ ಡಬ್ಬಿ ಎತ್ತಿಕೊಂಡು ಊಟಕ್ಕೆ ಹೋದರು.