ಏರುದಾರಿಯ ನೆಂಟಸ್ತನ

ಹಲ್ಲಿನ ಡಾಕ್ಟರು ಯಾರ ಮನೆಗೂ ಹೋಗುವವರಲ್ಲ. ನೆಂಟರೆಲ್ಲ ಮೊದಮೊದಲು ಬೈದು, ಆಮೇಲೆ ಬೇಸತ್ತು, ಕೊನೆಗೆ ಒಪ್ಪಿಕೊಂಡಿದ್ದ ಸಂಗತಿ ಇದು. ಮದುವೆಯೆಂದರೆ ಉಡುಗೊರೆ ಕಳಿಸುತ್ತಿದ್ದರು, ಕಾಯಿಲೆಯೆಂದರೆ ಫೋನು ಮಾಡುತ್ತಿದ್ದರು, ಸಾವೆಂದರೆ ಹೆಂಡತಿಯನ್ನು ಕಳಿಸುತ್ತಿದ್ದರು. ಸ್ವಂತ ಅಕ್ಕನ ಗಂಡ ತೀರಿಕೊಂಡ ದಿನ ಹಳೆಯ ಕಾರುಗಳ ಮೆರವಣಿಗೆಯಿತ್ತು. ಡಾಕ್ಟರು ಮೆರವಣಿಗೆ ಮುಗಿಸಿ, ಬಹುಮಾನದ ಫಲಕ ಇಸಿದುಕೊಂಡು, ಮೆರವಣಿಗೆಗೆ ಒಯ್ದಿದ್ದ ತಮ್ಮ ಹಳೆಯ ಕಾರಿನಲ್ಲೇ ಅಕ್ಕನ ಮನೆ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಜನ ವಾಪಸ್ಸಾಗಿದ್ದರು. ಬಾನೆಟ್ಟಿಗೆ ಕಟ್ಟಿದ್ದ ಕೆಂಪು ರಿಬ್ಬನ್ನು ಬಿಚ್ಚಬೇಕೆಂದೂ ಅವರಿಗೆ ಹೊಳೆದಿರಲಿಲ್ಲ. ಅಕ್ಕ ರಿಬ್ಬನ್ನು ನೋಡಿದಳು, ತಮ್ಮನ ಮುಖ ನೋಡಿದಳು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಂದಿನಿಂದ ಮಾತಿಲ್ಲ.

ಆ ಕಾರು ಡಾಕ್ಟರಿಗಿಂತ ವಯಸ್ಸಿನಲ್ಲಿ ಹಿರಿಯದು. ಉದ್ದ ಮೂತಿ, ಕಪ್ಪೆಯಂಥ ದೀಪದ ಕಣ್ಣು, ಹೊಳೆಯುವ ಚರ್ಮದ ಸೀಟು. ಹೆಂಡತಿ ಅದನ್ನು 'ನನ್ನ ಸವತಿ' ಎನ್ನುತ್ತಿದ್ದಳು. ಸವತಿ ಒಂದು ದಿನ ನೀಲಿ ಹೊಗೆ ಕಾರಿ ನಡುರಸ್ತೆಯಲ್ಲಿ ಕೂತುಬಿಟ್ಟಳು. ಗ್ಯಾರೇಜಿನಲ್ಲಿ ಎಂಜಿನ್ನು ಪೂರ್ತಿ ಬಿಚ್ಚಿ, ಸವೆದ ಸಿಲಿಂಡರನ್ನು ಕೊರೆದು ಬೋರು ಮಾಡಿಸಿ, ಹೊಸ ಪಿಸ್ಟನ್ನು, ಹೊಸ ರಿಂಗು ಹಾಕಿದರು. ಅಷ್ಟು ಕಾಲವೂ ಡಾಕ್ಟರು ರೋಗಿಗಳ ಮುಂದೆ ಅದೇ ಕಥೆ ಹೇಳಿದರು. ಬಾಯಲ್ಲಿ ಹತ್ತಿ ತುರುಕಿಸಿಕೊಂಡವರು ಬೇಡ ಎನ್ನುವುದಾದರೂ ಹೇಗೆ?

ಕಾರನ್ನು ಒಪ್ಪಿಸುವಾಗ ಮೆಕ್ಯಾನಿಕ್ಕು ಎಚ್ಚರಿಸಿದ: "ಸಾರ್, ಹೊಸ ಎಂಜಿನ್ ಅಂತ ಮುದ್ದು ಮಾಡಿದ್ರೆ ಕೆಟ್ಟುಹೋಗುತ್ತೆ. ನಿಂತಲ್ಲೇ ಗುರ್‌ಗುರ್ ಅನ್ನಿಸ್ತಾ ಇರಬೇಡಿ. ಒಂದೇ ವೇಗದಲ್ಲೂ ಓಡಿಸಬೇಡಿ. ಏರಲ್ಲಿ ಸ್ವಲ್ಪ ಒತ್ತಿ, ಇಳಿಜಾರಲ್ಲಿ ಕಾಲು ತೆಗೀರಿ. ಆಗಾಗ ದೂರ ಹೋಗಿಬನ್ನಿ, ಒಳಗೆ ಒಂದಿಷ್ಟು ಭಾರ ಇರಲಿ. ಪಿಸ್ಟನ್ ರಿಂಗು ಸಿಲಿಂಡರಿಗೆ ಹೊಂದಿ ಸರಿಯಾಗಿ ಕೂತಮೇಲೆ ಎಣ್ಣೆ ಬದಲಾಯಿಸೋಣ."

ದೂರ ಹೋಗುವುದೆಂದರೆ ಎಲ್ಲಿಗೆ? ಡಾಕ್ಟರು ಊಟದ ಮೇಜಿನ ಮೇಲೆ ನಕ್ಷೆ ಹರಡಿ ಕೂತರು.

"ಸುಮ್ನೆ ಪೆಟ್ರೋಲ್ ಸುಡೋ ಬದಲು ನಿಮ್ಮ ನೆಂಟರ ಮನೆಗಾದ್ರೂ ಹೋಗಿಬನ್ನಿ. ಇದ್ದಾರೋ ಸತ್ತಿದ್ದಾರೋ ನೋಡಿದ ಹಾಗಾಗುತ್ತೆ," ಎಂದಳು ಹೆಂಡತಿ, ತಟ್ಟೆ ಇಡಲು ಜಾಗವಿಲ್ಲದೆ.

ಆಡಿದ್ದು ವ್ಯಂಗ್ಯಕ್ಕೆ. ಡಾಕ್ಟರು ಅದನ್ನು ಸಲಹೆಯೆಂದೇ ತೆಗೆದುಕೊಂಡರು. ಯಾವ ನೆಂಟರ ಮೇಲೆ ಎಷ್ಟು ಪ್ರೀತಿ ಎಂಬುದನ್ನು ರಸ್ತೆ ನೋಡಿ ಗೊತ್ತುಮಾಡಿದರು. ದೊಡ್ಡಪ್ಪನ ಮಗನ ಮನೆ ನೇರ ಹೆದ್ದಾರಿಯಲ್ಲಿತ್ತು. ಒಂದೇ ವೇಗ, ಎಂಜಿನ್ನಿಗೆ ಒಳ್ಳೆಯದಲ್ಲ. ಆ ಸಂಬಂಧ ಅಲ್ಲಿಗೇ ಮುಗಿಯಿತು. ಚಿಕ್ಕಮ್ಮನ ಮನೆಯ ದಾರಿ ಹಾವಿನಂತೆ ಅಂಕುಡೊಂಕು, ಏರಿಳಿತ ಬೇರೆ. ಇದ್ದಕ್ಕಿದ್ದಂತೆ ಅವರಿಗೆ ಚಿಕ್ಕಮ್ಮನ ಮೇಲೆ ಮಮತೆ ಉಕ್ಕಿಬಂತು. ಸೋದರಮಾವನ ಮನೆ ಅದೇ ದಾರಿಯಲ್ಲಿತ್ತು, ಮಾವ ಆನೆಯಂಥ ಆಳು. ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡರೆ ಭಾರದ ಚಿಂತೆಯೂ ಇಲ್ಲ.

ಚಿಕ್ಕಮ್ಮ ಬಾಗಿಲು ತೆರೆದವಳೇ ಬೆಚ್ಚಿದಳು. ಕುರ್ಚಿ ಒರೆಸಿ ಕೂರಿಸಿದಳು. ಡಾಕ್ಟರು ಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡು, ಹೊರಗೆ ನಿಂತ ಕಾರಿನ ಮೇಲೆ ಕಣ್ಣು ನೆಟ್ಟರು.

"ಎಲ್ಲಾ ಆರಾಮ ತಾನೆ?" ಎಂದಳು ಚಿಕ್ಕಮ್ಮ.

"ಈಗ ಪರವಾಗಿಲ್ಲ ಚಿಕ್ಕಮ್ಮ. ದಮ್ಮೇ ಇರ್ಲಿಲ್ಲ. ಪೂರ್ತಿ ಬಿಚ್ಚಿ, ಒಳಗಿರೋದೆಲ್ಲ ಹೊಸದಾಗಿ ಹಾಕಿದಾರೆ."

"ಅಯ್ಯೋ! ನಮಗೆ ಯಾರೂ ಹೇಳಲೇ ಇಲ್ವಲ್ಲಪ್ಪ."

"ಹೇಳೋದೇನು? ಜೋರು ಮಾಡೋ ಹಾಗಿಲ್ಲ, ಸುಮ್ನೆ ಇರೋ ಹಾಗೂ ಇಲ್ಲ. ದಿನಾ ಸ್ವಲ್ಪ ಸ್ವಲ್ಪ ಓಡಾಡ್ತಾ ಇರ್ಬೇಕಂತೆ."

"ಇನ್ನೇನೂ ಭಯ ಇಲ್ವಲ್ಲ?"

"ಆ ವಯಸ್ಸಿಗೆ ಗ್ಯಾರಂಟಿ ಯಾರು ಕೊಡ್ತಾರೆ ಚಿಕ್ಕಮ್ಮ?"

ಡಾಕ್ಟರ ಮಾತಿನಲ್ಲಿ 'ಕಾರು' ಎಂಬ ಪದ ಬಿದ್ದುಹೋಗಿ ಎಷ್ಟೋ ಕಾಲವಾಗಿತ್ತು. ತಾವು ಮಾತಾಡಿದರೆ ಅದು ಕಾರಿನ ವಿಷಯವೇ ಎಂಬುದು ಲೋಕಕ್ಕೆಲ್ಲ ಗೊತ್ತಿದೆಯೆಂದು ಅವರ ನಂಬಿಕೆ. ಚಿಕ್ಕಮ್ಮ ಮಾತ್ರ ಸೆರಗಿನಲ್ಲಿ ಕಣ್ಣೊತ್ತಿಕೊಂಡಳು. ಮುಂದಿನ ಸಲ ಹೋದಾಗ, ಬಿಚ್ಚಿ ಹೊಲಿದ ಎದೆಗೆ ಥಂಡಿ ತಾಗಬಾರದೆಂದು ಕೈಯಾರೆ ಹೆಣೆದ ಬೂದು ಬಣ್ಣದ ಸ್ವೆಟರು ಕೊಟ್ಟಳು. ಡಾಕ್ಟರು "ಒಳ್ಳೇದಾಯ್ತು" ಎಂದು ಇಸಿದುಕೊಂಡರು.

ಸುದ್ದಿಗೆ ಕಾಲಿರಲಿಲ್ಲ, ಫೋನಿತ್ತು. ಡಾಕ್ಟರ ಎದೆ ಬಿಚ್ಚಿದ್ದಾರಂತೆ, ಹೆಚ್ಚು ದಿನ ಇಲ್ಲವಂತೆ, ಅದಕ್ಕೇ ಎಲ್ಲರನ್ನೂ ಒಂದು ಸಲ ಕಣ್ಣಲ್ಲಿ ನೋಡಿಕೊಂಡು ಹೋಗುತ್ತಿದ್ದಾನಂತೆ ಎಂದು ಮನೆಯಿಂದ ಮನೆಗೆ ದಾಟಿತು. ಸೋದರಮಾವ ಕಾರಿನ ಹಿಂದಿನ ಸೀಟಿನಲ್ಲಿ ಕೂತು, ಕಿಟಕಿಯಾಚೆ ಮುಖ ಮಾಡಿ, ಸದ್ದಾಗದಂತೆ ಅತ್ತರು. ಡಾಕ್ಟರಿಗೆ ಕೇಳಿಸಲಿಲ್ಲ. ಅವರ ಕಿವಿಯೆಲ್ಲ ಎಂಜಿನ್ನಿನ ವಾಲ್ವುಗಳ ಟಿಕಟಿಕದ ಮೇಲಿತ್ತು.

ಕೊನೆಗೆ ಉಳಿದದ್ದು ಅಕ್ಕನ ಮನೆ. ಗುಡ್ಡದ ನೆತ್ತಿಯಲ್ಲಿತ್ತು, ಅಂಥ ಏರು ಸುತ್ತಮುತ್ತ ಎಲ್ಲೂ ಇಲ್ಲ. ಡಾಕ್ಟರಿಗೆ ಹಳೆಯ ಮುನಿಸು ನೆನಪಾಗದೆ ಇರಲಿಲ್ಲ. ಆದರೆ ರಿಂಗು ಕೂರಬೇಕಲ್ಲ! ಭಾನುವಾರ ಬೆಳಿಗ್ಗೆ ಹೊರಟರು. ತಿರುವಿನಲ್ಲಿ ಒತ್ತಿ, ಸಮತಟ್ಟಿನಲ್ಲಿ ಕಾಲು ತೆಗೆದು, ಮತ್ತೆ ಒತ್ತಿ, ಸಿಳ್ಳೆ ಹಾಕುತ್ತ ಗುಡ್ಡ ಹತ್ತಿದರು.

ಅಕ್ಕ ಗೇಟಿನಲ್ಲೇ ನಿಂತಿದ್ದಳು. ಚಿಕ್ಕಮ್ಮನ ಫೋನು ಅವಳಿಗೂ ಬಂದಿತ್ತು. ಅದು ಬಂದ ದಿನದಿಂದ ಅವಳಿಗೆ ನಿದ್ದೆಯಿರಲಿಲ್ಲ. ತಮ್ಮ ಇಳಿಯುವ ಮೊದಲೇ ಬಂದು ಅವನ ಕೈ ಹಿಡಿದಳು.

"ಏನೂ ಹೇಳಬೇಡ ಕಣೋ. ಆಗಿದ್ದು ಆಗಿಹೋಯ್ತು. ನನ್ನ ಮನಸ್ಸಲ್ಲಿ ಏನೂ ಇಲ್ಲ."

"ಹೌದಕ್ಕ," ಎಂದರು ಡಾಕ್ಟರು, ಎಂಜಿನ್ನಿನ ಬಿಸಿ ತೋರಿಸುವ ಮುಳ್ಳನ್ನು ನೋಡುತ್ತ. "ಪರವಾಗಿಲ್ಲ, ಜಾಸ್ತಿ ಏರಿಲ್ಲ."

"ಜ್ವರಾನಾ?"

"ಇಲ್ಲಕ್ಕ, ಸ್ವಲ್ಪ ಬಿಸಿ ಅಷ್ಟೆ. ತಣ್ಣಗಾಗಲಿ, ಎಣ್ಣೆ ನೋಡ್ತೀನಿ."

ಡಾಕ್ಟರು ಅಕ್ಕನ ಕೈ ಬಿಡಿಸಿಕೊಂಡು ಬಾನೆಟ್ಟು ಎತ್ತಿದರು. ತುಸು ಹೊತ್ತು ಬಿಟ್ಟು ಎಣ್ಣೆ ಅಳೆಯುವ ಕಡ್ಡಿ ಎಳೆದು, ಸೀಟಿನಡಿಯಿಂದ ಬೂದು ಬಟ್ಟೆಯೊಂದನ್ನು ತೆಗೆದು ಒರೆಸಿದರು. ಅಕ್ಕ ಆ ಬಟ್ಟೆಯನ್ನು ನೋಡಿದಳು. ಅದಕ್ಕೆ ತೋಳಿತ್ತು. ಆ ಹೆಣಿಗೆ ಯಾರ ಕೈಯದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಅದು ಚಿಕ್ಕಮ್ಮ ಹೆಣೆದಿದ್ದಲ್ವೇನೋ?"

"ಹೂಂ, ಬಲು ಮೆತ್ತಗಿದೆ. ಗೀರು ಬೀಳಲ್ಲ."

"ನಿನ್ನ ಎದೆ ಆಪರೇಷನ್ನಿಗೆ ಅಂತ ಹೆಣೆದಿದ್ದು."

"ನನ್ನ ಎದೆಗೇನಾಗಿದೆ?" ಡಾಕ್ಟರು ಮೊದಲ ಬಾರಿಗೆ ಅಕ್ಕನ ಮುಖ ನೋಡಿದರು. "ಬಿಚ್ಚಿದ್ದು ಎಂಜಿನ್ನು. ರಿಂಗು ಕೂರೋವರೆಗೂ ಏರಲ್ಲಿ ಓಡಿಸ್ಬೇಕು ಅಂದ್ರು. ನಿನ್ನ ಮನೆ ದಾರಿಗಿಂತ ಒಳ್ಳೆ ಏರು ಎಲ್ಲಿದೆ ಹೇಳು?"

ಹೊಗಳಿದೆನೆಂದೇ ಅವರು ತಿಳಿದಿದ್ದರು. ಅಕ್ಕ ಗೇಟಿನ ಕಂಬ ಹಿಡಿದುಕೊಂಡಳು.

"ಹಾಗಾದ್ರೆ ನೀನು ಸಾಯ್ತಾ ಇಲ್ಲ."

"ನಾನ್ಯಾಕೆ ಸಾಯ್ಲಿ?"

"ನಾನು ಕ್ಷಮಿಸಿದ್ದು ಸಾಯೋನನ್ನ. ಗಟ್ಟಿಮುಟ್ಟಾಗಿರೋನನ್ನಲ್ಲ." ಅಕ್ಕ ಒಳಗೆ ಹೋದಳು. ಈ ಸಲ ಬಾಗಿಲು ಹಾಕಿಕೊಳ್ಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಬೀಗ ಹಾಕಿ, ಬಂದು ಕಾರಿನಲ್ಲಿ ಕೂತಳು. "ನಡಿ. ಚಿಕ್ಕಮ್ಮನ ಮನೆಗೆ, ಅಲ್ಲಿಂದ ಮಾವನ ಮನೆಗೆ. ಇವತ್ತು ನಿನ್ನ ಬಾಯಿಂದಲೇ ನಿಜ ಹೇಳ್ಬೇಕು."

ಡಾಕ್ಟರು ತಕರಾರು ಮಾಡಲಿಲ್ಲ. ಭಾರ ಸಿಕ್ಕಿತಲ್ಲ ಎಂದು ಒಳಗೊಳಗೇ ಖುಷಿಯೂ ಆಯಿತು.

ಚಿಕ್ಕಮ್ಮನ ಬಾಗಿಲಲ್ಲಿ ಅಕ್ಕ ಅವರನ್ನು ಮುಂದಕ್ಕೆ ನೂಕಿದಳು. "ಚಿಕ್ಕಮ್ಮ, ನನಗೇನೂ ಆಗಿಲ್ಲ. ಎಂಜಿನ್ ಹದಕ್ಕೆ ತರೋಕೆ ಬರ್ತಿದ್ದೆ," ಎಂದರು ಡಾಕ್ಟರು. ಅಕ್ಕ ಕಾರಿನಿಂದ ತಂದಿದ್ದ ಎಣ್ಣೆಮೆತ್ತಿದ ಸ್ವೆಟರನ್ನು ಚಿಕ್ಕಮ್ಮ ಎರಡು ಬೆರಳಲ್ಲಿ ಎತ್ತಿ ಹಿಡಿದು, "ನಿನ್ನ ಹೊಟ್ಟೆ ತಣ್ಣಗಿರಲಿ" ಎಂದು ಅದರಿಂದಲೇ ಅವರ ಬೆನ್ನಿಗೆ ಬಾರಿಸಿದಳು. ಅಕ್ಕನಿಗೆ ಸ್ವಲ್ಪ ಸಮಾಧಾನವಾಯಿತು.

ಸೋದರಮಾವನ ಮನೆಯಲ್ಲಿ ಮಾತ್ರ ಲೆಕ್ಕ ತಪ್ಪಿತು. ಡಾಕ್ಟರು ನಿಜವನ್ನು ಪೂರ್ತಿ ಹೇಳಿದರು: ಮಾವನನ್ನು ಕಾರಿನಲ್ಲಿ ಸುತ್ತಾಡಿಸಿದ್ದು ಭಾರಕ್ಕಾಗಿ, ಮೂಟೆ ಹೇರುವುದಕ್ಕಿಂತ ಮಾವನನ್ನು ಕೂರಿಸುವುದು ಸುಲಭ ಎಂದು. ಮಾವ ಅಷ್ಟನ್ನೂ ಕೇಳಿ, ಅವರನ್ನು ಬಾಚಿ ತಬ್ಬಿಕೊಂಡರು.

"ಸಾಕು ಬಿಡೋ. ನಾವು ಕೊರಗಬಾರದು ಅಂತ ಎಂಥಾ ಸುಳ್ಳು ಕಟ್ಟಿದೀಯೋ! ಅಕ್ಕನ ಮಗ ತನ್ನ ಮಾವನ್ನ ಮೂಟೆ ಅಂತ ಕೂರಿಸ್ಕೊಂಡು ಹೋಗ್ತಾನಾ? ಅಷ್ಟು ನೀಚತನ ಯಾರಿಗಾದ್ರೂ ಇರುತ್ತಾ?"

"ಇರುತ್ತೆ ಮಾವ," ಎಂದಳು ಅಕ್ಕ.

"ನೀನು ಸುಮ್ನಿರು. ಸಾಯೋ ಗಳಿಗೆಯಲ್ಲೂ ಅವನ ಮೇಲೆ ಹಗೆ ಬಿಡಲ್ಲ ಅಂತೀಯಲ್ಲ!"

ಅಕ್ಕನಿಗೇ ಬುದ್ಧಿವಾದ, ಡಾಕ್ಟರಿಗೆ ಬಿಸಿ ಹಾಲು. ನಿಜ ಹೇಳಿದವರಿಗೆ ಹಾಲು ಕುಡಿಯದೆ ಬೇರೆ ದಾರಿ ಉಳಿಯಲಿಲ್ಲ.

ವಾಪಸು ಗುಡ್ಡ ಹತ್ತುವಾಗ ಎಂಜಿನ್ನು ತುಪ್ಪದಲ್ಲಿ ಕೈಯಾಡಿಸಿದಷ್ಟು ನುಣ್ಣಗೆ ಎಳೆಯಿತು. ಹೊಗೆಯಿಲ್ಲ, ಸದ್ದಿಲ್ಲ. "ನೋಡಿದ್ಯಾ ಅಕ್ಕ, ರಿಂಗು ಕೂತ್ಕೊಳ್ತು!" ಎಂದರು ಡಾಕ್ಟರು, ಕಣ್ಣಲ್ಲಿ ನೀರು ತುಂಬಿಕೊಂಡು. ಭಾವ ತೀರಿಕೊಂಡಾಗ ಬಾರದ ನೀರು ಅದು. ಅಕ್ಕ ಅದನ್ನು ನೋಡಿದಳು.

ಗೇಟಿನ ಬಳಿ ಇಳಿದು, ಕಾರಿನ ಬಾಗಿಲು ಹಿಡಿದೇ ಹೇಳಿದಳು: "ಮುಂದಿನ ಭಾನುವಾರ ಬಾ."

"ಮುಂದಿನ ವಾರ ಎಣ್ಣೆ ಬದಲಾಯಿಸೋಕೆ ಗ್ಯಾರೇಜಿಗೆ ಬಿಡ್ತೀನಿ ಅಕ್ಕ. ಬರೋಕಾಗಲ್ಲ."

"ಬಸ್ಸಲ್ಲಿ ಬಾ."

ಡಾಕ್ಟರು ನಕ್ಕರು. ಅಕ್ಕ ನಗಲಿಲ್ಲ. ಮನೆಯಲ್ಲಿ ಹೆಂಡತಿಗೆ ಈ ಮಾತು ಹೇಳಿ ಇನ್ನೊಮ್ಮೆ ನಕ್ಕರು. ಅವಳೂ ನಗಲಿಲ್ಲ; ಭಾನುವಾರ ಬೆಳಿಗ್ಗೆ ಬಸ್ಸಿನ ಚಿಲ್ಲರೆಯನ್ನು ಅವರ ಜೇಬಿಗೆ ಹಾಕಿ ಹೊರಗೆ ದಬ್ಬಿದಳು.

ಬಸ್ಸು ಗುಡ್ಡದ ಬುಡದಲ್ಲೇ ನಿಲ್ಲುತ್ತದೆ ಎಂಬುದು ಡಾಕ್ಟರಿಗೆ ಇಳಿದ ಮೇಲೆ ತಿಳಿಯಿತು. ಬಿಸಿಲಲ್ಲಿ ಹತ್ತತೊಡಗಿದರು. ಮೊದಲ ತಿರುವಿಗೇ ಎದೆ ಹೊಡೆದುಕೊಂಡಿತು, ಎರಡನೆಯದಕ್ಕೆ ರಸ್ತೆ ಬದಿಯ ಕಲ್ಲಿನ ಮೇಲೆ ಕೂತರು. ಅಕ್ಕ ಮೇಲಿನಿಂದ ನೋಡುತ್ತಿದ್ದಳು, ಇಳಿದು ಬರಲಿಲ್ಲ. ಅಂತೂ ಗೇಟು ಮುಟ್ಟಿದಾಗ ಅವರ ಶರ್ಟು ಮೈಗೆ ಅಂಟಿತ್ತು.

ಅಕ್ಕ ನೀರಿನ ಲೋಟ ಕೊಟ್ಟಳು. ಅರ್ಧ ಕುಡಿದು ಡಾಕ್ಟರು, "ನೀನು ಮಾರ್ಕೆಟ್ಟಿಗೆ ಹೇಗಕ್ಕ ಹೋಗೋದು?" ಎಂದರು.

"ನಡೆದು."

"ಸಾಮಾನು ಹೊತ್ಕೊಂಡು?"

"ನಿನ್ನ ಭಾವ ಇದ್ದಾಗ ಅವರು ಹೊರ್ತಿದ್ರು," ಎಂದಳು ಅಕ್ಕ. ಆಮೇಲೆ ಬಾಗಿಲ ಹಿಂದೆ ನೇತುಹಾಕಿದ್ದ ಚೀಲವನ್ನು ತೆಗೆದು ತಮ್ಮನ ಮಡಿಲಲ್ಲಿ ಇಟ್ಟಳು. "ನೀರು ಕುಡಿದು ಮುಗಿಸು. ಆಲೂಗಡ್ಡೆ, ಈರುಳ್ಳಿ, ಒಂದು ಡಬ್ಬಿ ಎಣ್ಣೆ. ಅಂಗಡಿ ಕೆಳಗಡೆ ಬಸ್ ನಿಲ್ದಾಣದ ಪಕ್ಕದಲ್ಲೇ ಇದೆ."