ಸುತ್ತೋಲೆಗೆ ಓಗೊಟ್ಟವರು

ಅಲುಗಾಡದ ನೆಲದ ಮೇಲೆ ಅಲುಗಾಡುವ ನೆಲದ ಮೇಲಿದ್ದಂತೆ ನಿಲ್ಲುವ ಮನುಷ್ಯರನ್ನು ನಾನು ಕಂಡದ್ದು ಒಬ್ಬರನ್ನೇ. ನನ್ನ ಮಗಳು ಓದುವ ಪ್ರಾಥಮಿಕ ಶಾಲೆಯ ಮೊಗಸಾಲೆಯಲ್ಲಿ, ಪಾದಗಳೆರಡನ್ನೂ ಗೇಣಗಲ ಸರಿಸಿ, ಎಡಭುಜವನ್ನು ಕಂಬಕ್ಕೋ ಕಿಟಕಿಯ ಚೌಕಟ್ಟಿಗೋ ಆನಿಸಿ, ಮೊಣಕಾಲುಗಳಲ್ಲಿ ತುಸು ಸಡಿಲ ಉಳಿಸಿಕೊಂಡು, ಯಾವ ಕ್ಷಣದಲ್ಲಿ ಯಾರು ಬ್ರೇಕು ಹಾಕಿದರೂ ತಾವು ಮುಗ್ಗರಿಸಬಾರದೆಂಬ ಎಚ್ಚರದಲ್ಲಿ ಅವರು ನಿಲ್ಲುತ್ತಿದ್ದರು. ಮೂವತ್ತನಾಲ್ಕು ವರ್ಷ ಬಸ್ಸಿನ ಕಂಡಕ್ಟರಾಗಿದ್ದವರು. ನಿವೃತ್ತಿಯ ಆದೇಶ ಅವರ ಕೈಗೆ ತಲುಪಿತ್ತೇ ಹೊರತು ಕಾಲುಗಳಿಗೆ ತಲುಪಿರಲಿಲ್ಲ.

ಮಕ್ಕಳು ಅವರನ್ನು 'ರೈಟ್ ತಾತ' ಎನ್ನುತ್ತಿದ್ದರು. ಪ್ರತಿ ಬುಧವಾರ ಒಂದನೆಯ ಮತ್ತು ಎರಡನೆಯ ತರಗತಿಯ ಮಕ್ಕಳು ಸಾಲುಗಟ್ಟಿ, ಎರಡು ರಸ್ತೆ ದಾಟಿ, ಸಾರ್ವಜನಿಕ ಗ್ರಂಥಾಲಯಕ್ಕೆ ನಡೆದುಹೋಗುವುದು ನಮ್ಮ ಶಾಲೆಯ ಪದ್ಧತಿ. ಸಾಲಿನ ಮುಂದೆ ಟೀಚರು, ಹಿಂದೆ ಇವರು. ಹೊರಡುವ ಮೊದಲು ತಲೆಯೆಣಿಸಿ, ಗೇಟಿನ ಕಂಬಕ್ಕೆ ಅಂಗೈಯಿಂದ ಎರಡು ಸಲ ದಪ್ ದಪ್ ಎಂದು ಬಡಿದು, "ರೈಟ್... ರೈಟ್" ಎಂದರೆ ಅರವತ್ತು ಪುಟ್ಟ ಕಾಲುಗಳು ಒಟ್ಟಿಗೆ ಚಲಿಸುತ್ತಿದ್ದವು. ಮಕ್ಕಳು ಅವರ ಬಾಯಲ್ಲಿ ಮಕ್ಕಳಲ್ಲ, ಸೀಟುಗಳು. "ಟೀಚರಮ್ಮಾ, ಹೋಲ್ಡಾನ್! ಒಂದು ಸೀಟು ಕಮ್ಮಿ. ಚಪ್ಪಲಿ ಕಿತ್ತೋಗಿದೆಯಂತೆ." ನಡೆಯಲಾರದೆ ರಗಳೆ ಮಾಡುವವರಿಗೆ, "ಏನಪ್ಪಾ, ಸ್ಟಾಪಿಲ್ಲದ ಕಡೆ ಇಳೀತೀಯಾ? ಚೆಕಿಂಗ್‌ನೋರು ಬರ್ತಾರೆ ನೋಡು." ಹೆಗಲಲ್ಲಿ ಹಳೆಯ ಚರ್ಮದ ಚೀಲ. ಅದರೊಳಗೆ ಗಾಯದ ಪಟ್ಟಿ, ತಲೆಪಿನ್ನು, ಪೆನ್ಸಿಲ್ ಹೆರೆಯುವ ಮೆಂಡರು, ಮತ್ತು ಅಂಚು ಹರಿದ ಪುಸ್ತಕಗಳಿಗೆಂದು ಒಂದು ಸುರುಳಿ ಅಂಟುಪಟ್ಟಿ. ಸೀಟಿ ಇತ್ತು, ಊದುತ್ತಿರಲಿಲ್ಲ. ಮೊದಲ ವರ್ಷ ಊದಿದಾಗ ಒಂದು ಮಗು ಬೆಚ್ಚಿ ಚಡ್ಡಿ ಒದ್ದೆ ಮಾಡಿಕೊಂಡಿತಂತೆ. ಅಂದಿನಿಂದ ಅದು ಚೀಲದ ತಳ ಸೇರಿತು.

ಅವರು ಹೆಚ್ಚು ಮಾತಿನವರಲ್ಲ. ಸಾಲು ಶಾಲೆಗೆ ಮರಳಿ, ಮಕ್ಕಳೆಲ್ಲ ತರಗತಿಗಳೊಳಗೆ ಕರಗಿಹೋದ ಮೇಲೂ, ಬರಿದಾದ ಮೊಗಸಾಲೆಯಲ್ಲಿ ಇನ್ನೊಂದು ಗಳಿಗೆ ಹಾಗೇ ನಿಂತಿರುತ್ತಿದ್ದರು. ಎಲ್ಲರೂ ಇಳಿದುಹೋದ ಬಸ್ಸಿನಲ್ಲಿ ಮರೆತ ಕೊಡೆಗಳಿವೆಯೇ ಎಂದು ನೋಡುವವರ ಹಾಗೆ. ಆಮೇಲೆ ಬಾಗಿಲ ಬಳಿಯ ಜವಾನನಿಗೆ, "ಬುಧವಾರ ಸಿಗೋಣ" ಎಂದು ಹೊರಟುಬಿಡುವರು. ಗುರುವಾರದಿಂದ ಮಂಗಳವಾರದವರೆಗೆ ಅವರೇನು ಮಾಡುತ್ತಾರೆಂದು ಯಾರೂ ಕೇಳಲಿಲ್ಲ. ನಾನಂತೂ ಕೇಳಲಿಲ್ಲ.

ಕಳೆದ ವರ್ಷದ ಪೋಷಕರ ದಿನ ನನಗೆ ಶಾಲೆಗೆ ಹೋಗಲಾಗಲಿಲ್ಲ. ತಂದೆತಾಯಿಗಳ ಹೊಣೆಗೇಡಿತನದ ಬಗ್ಗೆ ಪತ್ರಿಕೆಗೆ ಅಂಕಣ ಬರೆಯುತ್ತ ಕೂತಿದ್ದೆ; ಇದನ್ನು ಹಾಸ್ಯವೆಂದು ಓದಿಕೊಂಡರೂ ಆದೀತು. ಮಗಳು ಸಂಜೆ ಹೇಳಿದಳು: "ಎಲ್ರ ಪಕ್ಕಾನೂ ಯಾರಾದ್ರೂ ಇದ್ರು ಅಮ್ಮಾ. ನಾನು ಅಳ್ತಾ ಇದ್ದೆ. ರೈಟ್ ತಾತ ಬಂದು, 'ನಂಗೂ ಯಾರೂ ಬಂದಿಲ್ಲ ಪುಟ್ಟಾ, ಇಬ್ರೂ ಒಂದೇ ಸೀಟಲ್ಲಿ ಅಡ್ಜಸ್ಟ್ ಮಾಡ್ಕೊಳ್ಳೋಣ' ಅಂದ್ರು." ನಾನು ನಕ್ಕೆ. ಅವರ ಮೊಮ್ಮಗು ಆ ದಿನ ರಜೆ ಹಾಕಿರಬೇಕು ಅಂದುಕೊಂಡೆ.

ಇಡೀ ಶಾಲೆ ಹೀಗೇ ಅಂದುಕೊಂಡಿತ್ತು. ಒಂದನೆಯ ತರಗತಿಯ ಟೀಚರು ಅವರನ್ನು ನಾಲ್ಕನೆಯ ತರಗತಿಯ ಯಾವುದೋ ಮಗುವಿನ ತಾತನೆಂದು ತಿಳಿದಿದ್ದರು, ನಾಲ್ಕನೆಯವರು ಮೂರನೆಯದರ, ಆಫೀಸಿನವರು, ಮೇಲಿನವರಿಗೆ ಗೊತ್ತಿರುತ್ತದೆ ಬಿಡಿ ಎಂದು. ಏಳು ವರ್ಷ, ಎಲ್ಲರೂ ಅವರನ್ನು ಪಕ್ಕದ ಕೋಣೆಯವರ ಲೆಕ್ಕಕ್ಕೆ ಹಾಕಿದ್ದರು.

ಈ ಸುಖಕರವಾದ ಅಜ್ಞಾನವನ್ನು ಕೆಡಿಸಿದವಳು ನಾನೇ. ಪೋಷಕರ ಸಮಿತಿಯವರು, ಬರೆಯುವ ಕೈ ಎಂದು ಹೊಗಳಿ, ಅರ್ಧವರ್ಷದ ಸುತ್ತೋಲೆಯನ್ನು ನನಗೆ ಒಪ್ಪಿಸಿದರು. ಪ್ರತಿ ವರ್ಷ ಎಲ್ಲ ಮನೆಗೂ ಅಂಚೆಯಲ್ಲಿ ಹೋಗುವ ನಾಲ್ಕು ಪುಟ: ಅರ್ಧವರ್ಷದಲ್ಲಿ ಆದದ್ದು, ಇನ್ನರ್ಧದಲ್ಲಿ ಆಗಬೇಕಾದದ್ದು, ಕೊನೆಗೆ 'ಪ್ರಿಯ ಪೋಷಕರೇ, ನಿಮ್ಮ ಒಂದು ಗಂಟೆ ನಮಗೆ ಬೇಕು' ಎಂದು ಸ್ವಯಂಸೇವೆಯ ಕರೆ. ಮುನ್ನೂರು ಮನೆಗೆ ಹೋಗುತ್ತದೆ. ಒಂಬತ್ತು ಮಂದಿ ಬೇಕಿದ್ದ ಕಡೆ ಇಬ್ಬರು ಬರುತ್ತಾರೆ. ನನಗೆ ರೋಷ ಬಂತು. ಯಾರ ಮಗುವಿನ ಮನೆಯವರು ಬರುತ್ತಾರೆ, ಯಾರದ್ದು ಇಲ್ಲ ಎಂಬುದು ಎದ್ದು ಕಾಣಲಿ, ನಾಚಿಕೆಯಾಗಲಿ ಎಂದು, ಸುತ್ತೋಲೆಯ ಜೊತೆ ಹೋಗುವ ಅರ್ಜಿಯಲ್ಲಿ ಹೊಸದೊಂದು ಕಾಲಂ ಸೇರಿಸಿದೆ: 'ಮಗುವಿನ ಹೆಸರು, ತರಗತಿ.'

ನಾಚಿಕೆಪಡಬೇಕಾದವರು ಯಾರೂ ಅರ್ಜಿಯನ್ನು ತುಂಬಲಿಲ್ಲ. ರೈಟ್ ತಾತ ತುಂಬಿದರು. ದುಂಡನೆಯ ಅಕ್ಷರಗಳಲ್ಲಿ ತಮ್ಮ ಹೆಸರು, ವಿಳಾಸ, 'ಬುಧವಾರ, ಪೂರ್ತಿ ದಿನ'. ಆ ಒಂದು ಕಾಲಂ ಖಾಲಿ.

"ತಾತಾ, ಇದೊಂದು ಬಿಟ್ಟಿದೀರಲ್ಲ" ಎಂದಳಂತೆ ಆಫೀಸಿನ ಹುಡುಗಿ.

"ಬಿಟ್ಟಿಲ್ಲಮ್ಮ. ಬರೆಯೋಕೆ ಇಲ್ಲ."

ಸಮಿತಿಯ ಸಭೆಯಲ್ಲಿ ಒಬ್ಬ ತಾಯಿ ಎದ್ದು ಕೇಳಿದರು: "ಯಾರ ಮನೆಯವರೂ ಅಲ್ಲದವರನ್ನ ಏಳು ವರ್ಷ ಮಕ್ಕಳ ಹಿಂದೆ ಬಿಟ್ಟಿದ್ದೀವಲ್ಲ, ನಮಗೇನಾಗಿತ್ತು?" ಆಕೆಯ ಭಯ ಸುಳ್ಳಲ್ಲ; ನಾನೂ ಹೆತ್ತವಳು, ಆ ಭಯ ನನಗೂ ಇದೆ. ಆದರೆ ಅದಕ್ಕೆ ಉತ್ತರ ವಿಚಾರಿಸುವುದಾಗಿತ್ತು. ವಿಚಾರಿಸುವುದು ಕಷ್ಟದ ಕೆಲಸ, ಬೇಡವೆನ್ನುವುದು ಸುಲಭ. ಸಭೆ ಸುಲಭದ್ದನ್ನು ಆರಿಸಿಕೊಂಡಿತು. ವಾರಕ್ಕೊಮ್ಮೆ ಊರಿಗೆಲ್ಲ ಬುದ್ಧಿ ಹೇಳುವ ನಾನು, ನನ್ನ ಮಗಳ ಪಕ್ಕ ನಿಂತಿದ್ದವರ ಬಗ್ಗೆ ಒಂದು ಮಾತನ್ನೂ ಆಡದೆ, ನಡಾವಳಿ ಬರೆದುಕೊಳ್ಳುತ್ತ ತಲೆ ತಗ್ಗಿಸಿದ್ದೆ. ಸುದ್ದಿ ಮುಟ್ಟಿಸುವ ಕೆಲಸವೂ ನನಗೇ ಬಂತು.

ಅವರದ್ದು ಹೊಲಿಗೆಯಂಗಡಿಯ ಮೇಲಿನ ಒಂದೇ ಕೋಣೆ. ಒಂದು ಮಂಚ, ಒಂದು ಸ್ಟೌವು, ಒಂದು ಕುರ್ಚಿ. ಕುರ್ಚಿಯನ್ನು ನನಗೆ ಕೊಟ್ಟು, ತಾವು ಬಾಗಿಲ ಚೌಕಟ್ಟಿಗೆ ಭುಜ ಆನಿಸಿ ನಿಂತರು. ಮದುವೆಯಾಗಿರಲಿಲ್ಲ. "ಡ್ಯೂಟಿ ಹಾಗಿತ್ತಮ್ಮ, ಹಗಲು ಒಂದೂರು ರಾತ್ರಿ ಒಂದೂರು. ಹೆಣ್ಣು ಕೊಡೋರು ಯಾವ ಸ್ಟಾಪಲ್ಲಿ ಕಾಯ್ತಾರೆ?" ಎಂದು ತಾವೇ ನಕ್ಕರು. ಶಾಲೆಗೆ ಬರಲು ಶುರುಮಾಡಿದ್ದು ಹೇಗೆ ಎಂದು ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು.

"ನೀವು ಕರೆದಿರಲ್ಲಮ್ಮ."

ಹಾಸಿಗೆಯಡಿಯಿಂದ ಪ್ಲಾಸ್ಟಿಕ್ಕಿನ ಹಾಳೆಯಲ್ಲಿ ಸುತ್ತಿದ ಕಟ್ಟೊಂದನ್ನು ತೆಗೆದರು. ಏಳು ವರ್ಷದ ಏಳು ಸುತ್ತೋಲೆಗಳು. ಪ್ರತಿಯೊಂದರ ಮೇಲೂ ಈ ಕೋಣೆಯ ವಿಳಾಸ, ಅದರ ಮೇಲೆ 'ಪೋಷಕರಿಗೆ' ಎಂಬ ಒಂದೇ ಪದ. ಅವರಿಗಿಂತ ಮೊದಲು ಇಲ್ಲಿದ್ದ ಸಂಸಾರದ ಮಗುವೊಂದು ನಮ್ಮ ಶಾಲೆಯಲ್ಲಿತ್ತು. ಅವರು ಮನೆ ಬಿಟ್ಟುಹೋದರೂ ವಿಳಾಸವನ್ನು ಪಟ್ಟಿಯಿಂದ ಯಾರೂ ತೆಗೆದಿರಲಿಲ್ಲ. "ರಿಟೈರಾಗಿ ಎರಡು ತಿಂಗಳಾಗಿತ್ತು. ಕರೆಂಟಿನ ಬಿಲ್ಲು ಬಿಟ್ಟರೆ ಈ ಬಾಗಿಲಿಗೆ ಬಂದ ಮೊದಲನೇ ಕಾಗದ ಇದು. 'ನಿಮ್ಮ ಒಂದು ಗಂಟೆ ನಮಗೆ ಬೇಕು' ಅಂತ ಇತ್ತು. ಯಾರೋ ಬೇಕು ಅಂತಿದಾರೆ ಅಂದ್ಮೇಲೆ ಹೋಗದೆ ಇರೋದು ಹೇಗೆ?"

ನಾನು ಬಂದ ವಿಷಯ ಹೇಳಿದೆ. ಮೃದುವಾಗಿ ಹೇಳಿದೆ ಎಂದು ನಂಬಿಕೊಂಡಿದ್ದೇನೆ. ಅವರು ಮೇಲಿನ ಸುತ್ತೋಲೆಯನ್ನು ಅಂಗೈಯಿಂದ ಸಪಾಟಾಗಿ ಸವರಿದರು.

"ಹಾಗಾದ್ರೆ ಇವು ಯಾವೂ ನನಗೆ ಬಂದಿದ್ದಲ್ವಾ?"

ನನ್ನ ಉತ್ತರಕ್ಕೆ ಅವರು ಕಾಯಲಿಲ್ಲ. "ದೊಡ್ಡ ರಸ್ತೆ ದಾಟೋವಾಗ ಕೊನೇ ಜೋಡಿ ಯಾವಾಗ್ಲೂ ಹಿಂದೆ ಬೀಳುತ್ತಮ್ಮ. ಯಾರೇ ಬಂದ್ರೂ ಅವರಿಗೆ ಹೇಳಿ" ಎಂದರು.

ಯಾರೂ ಬರಲಿಲ್ಲ. ನಾಲ್ಕು ಬುಧವಾರ ಗ್ರಂಥಾಲಯದ ನಡಿಗೆ ನಿಂತಿತು; ಮಕ್ಕಳು ತರಗತಿಯಲ್ಲೇ ಕೂತು ನಕಲು ಬರೆದರು. ಮುಂದಿನ ಸಭೆಯಲ್ಲಿ ನಾನು ಬಾಯಿಬಿಟ್ಟೆ. ಪೊಲೀಸರಿಂದ ಪರಿಶೀಲನೆ ಮಾಡಿಸೋಣ, ಸಾಲಿನ ಹಿಂದೆಯೂ ಅವರ ಜೊತೆಗೊಬ್ಬ ಟೀಚರು ಇರಲಿ, ಅವರು ಬರಲಿ ಎಂದೆ. ಮೊದಲು ಎದ್ದು ಕೇಳಿದ್ದ ಆ ತಾಯಿಯೇ, "ಇದನ್ನ ಅವತ್ತೇ ಹೇಳ್ಬಹುದಿತ್ತಲ್ಲ ನೀವು?" ಎಂದರು. ಕಪಾಳಕ್ಕೆ ಬಿಗಿದ ಹಾಗಾಯಿತು. ಎಲ್ಲರೂ ಒಪ್ಪಿದರು. ಒಪ್ಪಿಗೆಯ ಪತ್ರ ಹಿಡಿದು ಮೆಟ್ಟಿಲು ಹತ್ತಿದೆ.

ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಮಡಿಚಿ ನನ್ನ ಕೈಗೇ ಕೊಟ್ಟರು.

"ಬೇಜಾರು ಮಾಡ್ಕೋಬೇಡಿ ಅಮ್ಮ. ಆಗ ಕರೆದ್ರು ಅಂತ ಬರ್ತಿದ್ದೆ. ಈಗ ಬಂದ್ರೆ, ನಾನು ಕೇಳ್ಕೊಂಡು ಬಂದ ಹಾಗಾಗುತ್ತೆ."

ಎಷ್ಟು ಹೇಳಿದರೂ ಅದಕ್ಕಿಂತ ಮುಂದೆ ಅವರು ಒಂದು ಹೆಜ್ಜೆಯನ್ನೂ ಇಡಲಿಲ್ಲ. ಇಂದಿಗೂ ಬಂದಿಲ್ಲ.

ನಮ್ಮ ಸಂಘಗಳೂ ಸಂಸ್ಥೆಗಳೂ ಎಷ್ಟೊಂದು ಉದಾರವಾದ ವಾಕ್ಯಗಳನ್ನು ಅಚ್ಚು ಹಾಕಿಸುತ್ತವೆ! ನಿಮಗಾಗಿ ನಮ್ಮ ಬಾಗಿಲು ಸದಾ ತೆರೆದಿದೆ, ನೀವಿಲ್ಲದೆ ನಾವಿಲ್ಲ, ನಿಮ್ಮ ಒಂದು ಗಂಟೆ ನಮಗೆ ಬೇಕು. ಯಾರೂ ನಂಬುವುದಿಲ್ಲವೆಂಬ ಧೈರ್ಯದಲ್ಲೇ ನಾವು ಇವನ್ನು ಬರೆಯುತ್ತೇವೆ, ಹಾಗೆಯೇ ಓದದೆ ಕಸದ ಬುಟ್ಟಿಗೆ ಹಾಕುತ್ತೇವೆ. ಮನೆ ತುಂಬ ಜನರಿರುವವರಿಗೆ ಅದು ಸಲೀಸು. ಆದರೆ ಪ್ರತಿ ಬೀದಿಯಲ್ಲೂ ಒಂದು ಒಂಟಿ ಕೋಣೆಯಿರುತ್ತದೆ, ಅದರಲ್ಲಿ ಇಂಥ ಕಾಗದವನ್ನು ಕೊನೆಯ ಸಾಲಿನವರೆಗೆ ಓದುವ ಒಬ್ಬರಿರುತ್ತಾರೆ. ನಾವು ಯಾರಿಗೂ ಹೇಳದೆ ಹೇಳಿದ ಮಾತನ್ನು ಅವರು ತಮಗೇ ಹೇಳಿದ್ದೆಂದು ನಂಬಿ, ಅಂಗಿಗೆ ಇಸ್ತ್ರಿ ಹಾಕಿಕೊಂಡು, ಹೇಳಿದ ಹೊತ್ತಿಗೆ ಸರಿಯಾಗಿ ಬಂದು ನಿಲ್ಲುತ್ತಾರೆ. ನಮ್ಮ ಶಾಲೆಗಳು, ಸರತಿಗಳು, ರಸ್ತೆ ದಾಟುವ ಸಾಲುಗಳು ಇಷ್ಟು ಕಾಲ ನಡೆದದ್ದು ಈ ನಂಬಿದವರ ಬಲದಿಂದ. ಅವರನ್ನು ಹೊರಗೆ ಕಳಿಸಲು ನಾವು ಬಾಗಿಲು ಮುಚ್ಚಬೇಕಾಗಿಲ್ಲ, ದನಿಯನ್ನೂ ಏರಿಸಬೇಕಾಗಿಲ್ಲ. ಒಳ್ಳೆಯ ಉದ್ದೇಶದಿಂದ ಒಂದು ಕಾಲಂ ಸೇರಿಸಿದರೆ ಸಾಕು.