ಕತ್ತಲಲ್ಲಿ ಬೆಳ್ಳಗಿದ್ದ ಮೊಲ

ಹದ್ದುಗಣ್ಣನ ದೃಷ್ಟಿ ಎಷ್ಟು ಚುರುಕೆಂದರೆ, ಮೂರು ಬೀದಿಯಾಚೆ ಬೆಕ್ಕೊಂದು ಕಣ್ಣು ಮಿಟುಕಿಸಿದರೆ ಅದು ಎಡಗಣ್ಣೋ ಬಲಗಣ್ಣೋ ಎಂದು ಗೋಡೆಯ ಈಚೆಯಿಂದಲೇ ಹೇಳಬಲ್ಲ. ಒಮ್ಮೆ ಸೂರ್ಯನೇ ಅವನನ್ನು ದಿಟ್ಟಿಸಲು ಹೋಗಿ, ಕಣ್ಣು ಕುಕ್ಕಿ, ಮೋಡದ ಮರೆಗೆ ಸರಿದುಕೊಂಡನಂತೆ. ಇದನ್ನೆಲ್ಲ ಹೇಳಿದವನು ಹದ್ದುಗಣ್ಣನೇ. ಆ ಹೆಸರನ್ನು ತನಗೆ ಇಟ್ಟುಕೊಂಡವನೂ ಅವನೇ.

ಹನ್ನೆರಡು ವರ್ಷದಿಂದ ಇದನ್ನು ಕೇಳಿ ಕೇಳಿ ಅತ್ತಿಗೆಯ ಕಿವಿ ತೂತು ಬಿದ್ದಿತ್ತು. ಅವನು ಅವಳ ಮೈದುನ. ಅವಳ ಮುದ್ರಣಾಲಯದಲ್ಲಿ ಕಂಪ್ಯೂಟರಿನ ಮುಂದೆ ಕೂತು ಚಿತ್ರಗಳ ಬಣ್ಣ ತಿದ್ದುವವನು. ಅಚ್ಚಿನ ಯಂತ್ರ ಅವಳ ಕೈಯಲ್ಲಿತ್ತು. ಔಷಧಿ ಡಬ್ಬಿಯ ಚೀಟಿ, ರಸೀದಿ ಪುಸ್ತಕ, ಬಸ್ಸಿನ ವೇಳಾಪಟ್ಟಿ ಎಂದು ಭೂಮಿಗೆ ಏಳು ಸುತ್ತು ಸುತ್ತುವಷ್ಟು ಕಾಗದ ಅಚ್ಚು ಹಾಕಿದ್ದಳು. ಆದರೆ ಮಗುವೊಂದು ಮಡಿಲಲ್ಲಿಟ್ಟುಕೊಂಡು ಓದುವಂಥ ಪುಸ್ತಕ ಒಂದೇ ಒಂದೂ ಅವಳ ಕೈಯಿಂದ ಹೊರಬಿದ್ದಿರಲಿಲ್ಲ. ಈಗ ಬಂದಿತ್ತು. ಶಾಲೆಯ ಟೀಚರೊಬ್ಬಳು ತಾನೇ ಬರೆದು, ತಾನೇ ಬಿಡಿಸಿದ ಬಿಳಿ ಮೊಲದ ಕಥೆ ತಂದುಕೊಟ್ಟಿದ್ದಳು. ಕೊನೆಯ ಪುಟದ ಅಡಿಯಲ್ಲಿ ಮುದ್ರಣಾಲಯದ ಹೆಸರು ಬರಬೇಕಿತ್ತು. ಆ ಸಾಲನ್ನು ಅತ್ತಿಗೆ ದಿನಕ್ಕೆ ಸಾವಿರ ಸಲ ಓದುತ್ತಿದ್ದಳು.

ಮೊದಲ ಮಾದರಿ ಹಾಳೆ ಹೊರಬಂದಾಗ ಮೊಲ ಇದ್ದಿಲ ಗೂಡಿನಲ್ಲಿ ಆರು ತಿಂಗಳು ಸಂಸಾರ ಮಾಡಿ ಬಂದಂತಿತ್ತು. ಎರಡನೆಯದರಲ್ಲಿ ಇನ್ನೂ ಮೂರು ತಿಂಗಳು ಹೆಚ್ಚು ಇದ್ದು ಬಂದಿತ್ತು. ಟೀಚರ್ ಹಾಳೆಯನ್ನು ಆಚೆ ಈಚೆ ತಿರುಗಿಸಿ ನೋಡಿದಳು.

"ಇದು ಮೊಲಾನಾ, ಹೆಗ್ಗಣಾನಾ? ನಾಳೆ ಮೂರು ಗಂಟೆಗೆ ಬರ್ತೀನಿ. ಆಗ್ಲೂ ಹೀಗೇ ಇದ್ರೆ ಬೇರೆ ಕಡೆ ಕೊಡ್ತೀನಿ, ಬೇಜಾರು ಮಾಡ್ಕೋಬೇಡಿ."

ಅತ್ತಿಗೆ ರೋಲರುಗಳನ್ನು ಮೂರು ಸಲ ತೊಳೆದಿದ್ದಳು. ಹೊಸ ಶಾಯಿಯ ಡಬ್ಬ ಒಡೆದಿದ್ದಳು. ಕಾಗದ ಬದಲಿಸಿದ್ದಳು. ಏನು ಮಾಡಿದರೂ ಹದ್ದುಗಣ್ಣ ಕರಿಬಟ್ಟೆಯ ಹಿಂದಿನಿಂದ ತಪ್ಪು ಹುಡುಕುತ್ತಿದ್ದ. ಶಾಯಿ ಮಂದವಂತೆ, ಕಾಗದ ಶಾಯಿ ಕುಡಿಯುತ್ತದೆಯಂತೆ, ಯಂತ್ರಕ್ಕೆ ಮುಪ್ಪಂತೆ, ಅತ್ತಿಗೆಯ ಕೈಯೇ ಭಾರವಂತೆ. ಅವನ ಕಂಪ್ಯೂಟರ್ ಪರದೆಯ ಮೇಲೆ ಮಾತ್ರ ಮೊಲ ಹಾಲಿನಲ್ಲಿ ಅದ್ದಿ ತೆಗೆದಷ್ಟು ಬೆಳ್ಳಗಿತ್ತಂತೆ. ಇಣುಕಿ ನೋಡಿದರೆ ಹೌದು, ಬೆಳ್ಳಗೇ ಇತ್ತು. ಅದೇ ಅವಳ ತಲೆ ಕೆಡಿಸಿದ್ದು.

ಕರಿಬಟ್ಟೆಯ ಸಂಗತಿ ಒಂದು ತಿಂಗಳಿನದು. ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಅವನು ತನ್ನ ಕೋಣೆಯ ದೀಪಗಳನ್ನು ಆರಿಸಿ, ಕಿಟಕಿಗೂ ಬಾಗಿಲಿಗೂ ಬಟ್ಟೆ ಬಿಗಿದಿದ್ದ. ಬಣ್ಣ ಗೊತ್ತಿದ್ದವರೆಲ್ಲ ಕತ್ತಲಲ್ಲೇ ಕೆಲಸ ಮಾಡುವುದೆಂದು ಅರ್ಧ ಗಂಟೆ ಭಾಷಣ ಬಿಗಿದಿದ್ದ. ಒಳಗೆ ಬರುವವರು ಮೊದಲು ಎರಡು ಸಲ ಕೆಮ್ಮಬೇಕೆಂದೂ, ಇಲ್ಲದಿದ್ದರೆ ತನ್ನ ನೋಟ ಕದಡಿಹೋಗುತ್ತದೆಂದೂ ಕಟ್ಟಪ್ಪಣೆ ಮಾಡಿದ್ದ. ತಿಂಗಳಿಡೀ ಕೆಮ್ಮಿ ಕೆಮ್ಮಿ ಅತ್ತಿಗೆಗೆ ನಿಜವಾದ ಕೆಮ್ಮೇ ಹಿಡಿಯುವುದರಲ್ಲಿತ್ತು.

ಟೀಚರ್ ಬಂದುಹೋದ ಮರುದಿನ ಬೆಳಿಗ್ಗೆ ಅವಳು ಕೆಮ್ಮಲಿಲ್ಲ. ಕಪ್ಪು ಮೊಲದ ಹಾಳೆ ಹಿಡಿದು ಸೀದಾ ನುಗ್ಗಿದಳು. ಪರದೆಯ ಪಕ್ಕದಲ್ಲಿಟ್ಟು ಹೋಲಿಸೋಣವೆಂದರೆ ಆ ಕತ್ತಲಲ್ಲಿ ಹಾಳೆಯಿರಲಿ, ಸ್ವಂತ ಕೈಯೂ ಕಾಣುತ್ತಿರಲಿಲ್ಲ. ಸಿಟ್ಟು ನೆತ್ತಿಗೇರಿ ಕಿಟಕಿಯ ಬಟ್ಟೆಯನ್ನು ಎಳೆದಳು.

ಪರದೆಯ ಮೊಲ ಅವಳ ಕಣ್ಣೆದುರಿಗೇ ಬೂದಿಯಾಯಿತು.

ಪರದೆಯನ್ನು ಯಾರೂ ಮುಟ್ಟಿರಲಿಲ್ಲ. ಬಟ್ಟೆ ಮುಚ್ಚಿದಳು, ಮೊಲ ಹಾಲು. ತೆಗೆದಳು, ಬೂದಿ. ಈಗ ಹಾಳೆಯ ಹೆಗ್ಗಣವೂ ಪರದೆಯ ಹೆಗ್ಗಣವೂ ಅವಳಿಜವಳಿಯಂತೆ ಕಂಡವು. ತಿಂಗಳಿನಿಂದ ಏನಾಗಿದೆಯೆಂದು ಅವಳಿಗೆ ಹೊಳೆಯಿತು. ಕತ್ತಲ ಕೋಣೆಯಲ್ಲಿ ಮಿಣುಕು ಹುಳುವೂ ಸೂರ್ಯನೇ. ಪರದೆ ಕಣ್ಣು ಕುಕ್ಕುತ್ತಿದೆಯೆಂದು ಇವನು ಚಿತ್ರದ ಬೆಳಕನ್ನು ತಗ್ಗಿಸುತ್ತ, ತಗ್ಗಿಸುತ್ತ ಹೋಗಿದ್ದ. ಪುಸ್ತಕ ಓದುವ ಮಕ್ಕಳು ಹಗಲಲ್ಲಿ ಓದುತ್ತಾರೆಂಬುದನ್ನೇ ಮರೆತಿದ್ದ.

ಹದ್ದುಗಣ್ಣ ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿಬಿಟ್ಟಿದ್ದ. ಬೆಳಕು ಈಟಿಯಂತೆ ತಿವಿಯುತ್ತಿದೆ, ಬಟ್ಟೆ ಹಾಕಿ ಎಂದು ಗೋಗರೆದ.

"ತಿವೀಲಿ," ಎಂದಳು ಅತ್ತಿಗೆ. "ಈ ಬೆಳಕಲ್ಲೇ ತಿದ್ದು. ಇಲ್ಲಾಂದ್ರೆ ನನ್ನ ಪುಸ್ತಕ ಹೋಯ್ತು, ನಿನ್ನ ಕುರ್ಚೀನೂ ಹೋಯ್ತು."

ತಿದ್ದುವಾಗ ತನ್ನ ಮುಖ ಮಾತ್ರ ನೋಡಬಾರದೆಂದು ಅವನು ಷರತ್ತು ಹಾಕಿದ. ಹಾಳಾಗಿ ಹೋಗಲೆಂದು ಅವಳು ಯಂತ್ರದ ಹತ್ತಿರ ಹೋದಳು.

ಮೂರು ಗಂಟೆಗೆ ಟೀಚರ್ ಒಳಗೆ ಬರುವುದಕ್ಕೂ ಯಂತ್ರ ಹಾಳೆಯನ್ನು ಹೊರಹಾಕುವುದಕ್ಕೂ ಸರಿಹೋಯಿತು. ಶಾಯಿ ಇನ್ನೂ ಹಸಿಯಿತ್ತು. ಟೀಚರ್ ಅಂಚು ಹಿಡಿದು ಹಾಳೆಯನ್ನು ಕಿಟಕಿಯ ಹತ್ತಿರ ಒಯ್ದಳು. ಅತ್ತಿಗೆ ಹಿಂದೆಯೇ ಹೋಗಿ ಇಣುಕಿದಳು.

"ಈಗ ಮೊಲ," ಎಂದಳು ಟೀಚರ್. "ಹಾಕಿ ಅಚ್ಚು."

ಆ ಮಾತು ಕಿವಿಗೆ ಬಿದ್ದದ್ದೇ ತಡ, ಹದ್ದುಗಣ್ಣ ಕೋಣೆಯಿಂದ ಓಡಿಬಂದ. ಶುರುವಾಯಿತು ಪುರಾಣ. ತನ್ನ ದೃಷ್ಟಿ ಅತಿ ಹರಿತವಾದದ್ದರಿಂದಲೇ ಇಷ್ಟು ತೊಂದರೆಯಾಯಿತೆಂದೂ, ಸಾಮಾನ್ಯರ ಕಣ್ಣಿಗೆ ಸರಿಹೋಗುವಂತೆ ಈಗ ಸ್ವಲ್ಪ ಇಳಿದು ಬಂದಿದ್ದೇನೆಂದೂ ಹೇಳಿ, ಮೂರು ಬೀದಿಯಾಚೆಯ ಬೆಕ್ಕಿನವರೆಗೆ ಬಂದ.

ಅತ್ತಿಗೆ ಅವನ ಮೂಗನ್ನೇ ನೋಡುತ್ತಿದ್ದಳು. ಆಮೇಲೆ ನಿಧಾನವಾಗಿ ಎರಡು ಸಲ ಕೆಮ್ಮಿದಳು.

ಅವನ ಕೈ ತಾನಾಗಿಯೇ ಮೇಲಕ್ಕೆ ಹಾರಿತು. ಮೂಗಿನ ಮೇಲಿದ್ದ, ಸೀಸೆಯ ತಳದಷ್ಟು ದಪ್ಪದ ಕನ್ನಡಕವನ್ನು ಕಿತ್ತು ಜೇಬಿಗೆ ತುರುಕಿತು. ಬೆಕ್ಕು ಅರ್ಧದಾರಿಯಲ್ಲೇ ನಿಂತುಹೋಯಿತು.

"ಕನ್ನಡಕ ಯಾಕೆ ತೆಗೆದ್ರಿ?" ಟೀಚರ್ ಕೇಳಿದಳು, ಏನೂ ತಿಳಿಯದೆ.

ಹದ್ದುಗಣ್ಣ ಅತ್ತಿಗೆಯನ್ನು ನೋಡಿದ. ಅಲ್ಲಿ ದಯೆಯ ಸುಳಿವೇ ಇರಲಿಲ್ಲ.

"ಒಂದು ತಿಂಗಳಾಯ್ತು, ಅತ್ತಿಗೆ," ಎಂದ ತಗ್ಗಿದ ದನಿಯಲ್ಲಿ. "ಹತ್ತಿರದ್ದು ಏನೂ ಕಾಣಲ್ಲ. ಇದಿಲ್ದೆ ಮೊಲಕ್ಕೆ ಎರಡು ಕಿವಿಯೋ ನಾಲ್ಕೋ ಅಂತಾನೂ ಗೊತ್ತಾಗಲ್ಲ. ನೀವು ನಗ್ತೀರಿ ಅಂತ ಕತ್ತಲು ಮಾಡ್ಕೊಂಡೆ."

"ಮತ್ತೆ ಆ ಬೆಕ್ಕು?"

ಅವನು ಕನ್ನಡಕವನ್ನು ಜೇಬಿನಿಂದ ತೆಗೆದು, ಅಂಗಿಯ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡ.

"ಬೆಕ್ಕೇ ಇರಲಿಲ್ಲ, ಅತ್ತಿಗೆ."